ಫಾದರ್ ಚಿಕ್ಕಪ್ಪನ ಸಕ್ಕರೆ ಭಾನುವಾರವೇ ಯಾಕೆ ಇಳಿಯುತ್ತದೆ?

ಪ್ರಶ್ನೆ: ಡಾಕ್ಟರೇ, ನನ್ನ ಚಿಕ್ಕಪ್ಪ ಕ್ಯಾಥೋಲಿಕ್ ಧರ್ಮಗುರು. ಮನೆಯಲ್ಲಿ ನಾವು ಬಾಪ್ಪು ಅಂತೇವೆ. ವಯಸ್ಸು 72. ದಕ್ಷಿಣ ಕನ್ನಡದಲ್ಲಿ ಘಟ್ಟದ ಬುಡದ ಒಂದು ಚರ್ಚಿನ ವಿಗಾರರು, ಅಂದರೆ ಮುಖ್ಯ ಗುರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬಿಪಿ ಮತ್ತು ಪ್ರೊಸ್ಟೇಟ್‌ಗೂ ಮಾತ್ರೆ ತಗೊಳ್ತಾರೆ. ಭಾನುವಾರ ಬೆಳಿಗ್ಗೆ 7ಕ್ಕೆ ಚರ್ಚಿನಲ್ಲಿ ಒಂದು ಬಲಿಪೂಜೆ (ಮಾಸ್), 9.30ಕ್ಕೆ ಅದೇ ಚರ್ಚಿಗೆ ಸೇರಿದ ಉಪಕೇಂದ್ರದಲ್ಲಿ ಇನ್ನೊಂದು. ಕಾರು ಅವರೇ ಓಡಿಸ್ತಾರೆ. ಕಳೆದ ತಿಂಗಳು ಎರಡನೇ ಪೂಜೆಯ ನಡುವೆ ಮೈಯೆಲ್ಲ ಬೆವರಿ, ಮಾತು ತೊದಲಿ, ಬಲಿಪೀಠ ಹಿಡಿದು ನಿಂತರಂತೆ. ಜನ ಸ್ಟ್ರೋಕ್ ಅಂದುಕೊಂಡರು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ 52. ಒಂದೇ ಪ್ರಾರ್ಥನೆಯನ್ನು ಎರಡು ಸಲ ಓದಿದ್ದೂ ಇದೆಯಂತೆ. ಮರೆವಿನ ಕಾಯಿಲೆ ಶುರುವಾಯಿತಾ? ಪೂಜೆಯ ದ್ರಾಕ್ಷಾರಸ ಬಿಡಬೇಕಾ? ಪೂಜೆಗೆ ಮೊದಲು ಏನಾದರೂ ತಿನ್ನಿ ಅಂದರೆ ಕೇಳುವುದಿಲ್ಲ. 'ಸಂತ ವಿಯಾನ್ನಿ ಬೇಯಿಸಿದ ಆಲೂಗಡ್ಡೆ ತಿಂದು ಬದುಕಿದರು' ಅಂತ ನಗ್ತಾರೆ. ಬಿಷಪರಿಗೆ ಬರೆದು ನಿವೃತ್ತಿ ಕೊಡಿಸಿ ಅಂತ ಕೆಲವರು ಹೇಳ್ತಾರೆ. ನಾವೇ ಬೆಂಗಳೂರಿಗೆ ಕರೆದುಕೊಂಡು ಬರೋಣ ಅಂತ ನನ್ನ ಆಸೆ. ಏನು ಮಾಡಲಿ? ರಿಪೋರ್ಟ್‌ಗಳನ್ನೂ ಮಾತ್ರೆಗಳ ಫೋಟೋವನ್ನೂ, ಅವರ ದಿನಚರಿ ಮತ್ತು ಉಳಿದ ವಿವರ ಬರೆದ ಹಾಳೆಯನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ತುರ್ತಿನ ಮಾತು. ನೀವು ಕಳಿಸಿದ ಫೋಟೋದಲ್ಲಿ ಎರಡು ಬೇರೆ ಬೇರೆ ಕಂಪನಿಯ ಮಾತ್ರೆಗಳಿವೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಇದೆ. ಒಂದು ಚೀಟಿ ಹಿಂದಿನ ಊರಿನ ಡಾಕ್ಟರದ್ದು, ಇನ್ನೊಂದು ಈಗಿನವರದ್ದು. ಅವರು ಎರಡನ್ನೂ ನುಂಗುತ್ತಿದ್ದರೆ ಒಂದೇ ಔಷಧಿ ಎರಡು ಪಾಲು ಹೊಟ್ಟೆಗೆ ಹೋಗುತ್ತಿದೆ. ಈ ಉತ್ತರ ಪೂರ್ತಿ ಓದುವ ಮೊದಲು ಈಗಿನ ಡಾಕ್ಟರಿಗೆ ಫೋನ್ ಮಾಡಿ, ಎರಡೂ ಹೆಸರು ಹೇಳಿ, ಯಾವುದು ಬಿಡಬೇಕು ಅಂತ ಕೇಳಿ. ಇದನ್ನು ನಾಳೆಗೆ ಇಡಬೇಡಿ.

ಇಂಥದ್ದು ಧರ್ಮಗುರುಗಳಲ್ಲಿ ಜಾಸ್ತಿ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ಊರು ಬದಲಾದಾಗ ಡಾಕ್ಟರೂ ಬದಲಾಗುತ್ತಾರೆ, ಹಳೆಯ ಮಾತ್ರೆ ಡಬ್ಬಿ ಮಾತ್ರ ಜೊತೆಗೇ ಹೋಗುತ್ತದೆ. ಸಂಸಾರಸ್ಥರ ಮನೆಯಲ್ಲಾದರೆ ಹೆಂಡತಿಯೋ ಮಗಳೋ 'ಇದು ಯಾಕೆ ಎರಡು?' ಅಂತ ಒಂದಲ್ಲ ಒಂದು ದಿನ ಕೇಳುತ್ತಾರೆ. ಗುರುನಿವಾಸದಲ್ಲಿ ಕೇಳುವವರಿಲ್ಲ. ಅಡುಗೆಯವರು ಸಂಜೆ ಊಟ ಮುಚ್ಚಿಟ್ಟು ಮನೆಗೆ ಹೋಗುತ್ತಾರೆ.

ಈಗ ನಿಮ್ಮ ಚಿಂತೆಗೆ ಬರೋಣ. ನಿಮ್ಮ ಪತ್ರದ ಎಲ್ಲ ಪ್ರಶ್ನೆಗಳ ಹಿಂದೆ ಒಂದೇ ಭಯ ಇದೆ. ಬಾಪ್ಪುವಿಗೆ ವಯಸ್ಸಾಯಿತು, ಇನ್ನು ಅವರಿಂದ ಆಗುವುದಿಲ್ಲ ಅನ್ನುವ ಭಯ. ರಿಪೋರ್ಟ್ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ಅವರ ದಿನಚರಿಗೂ ಅವರ ಮಾತ್ರೆಗೂ ತಾಳ ತಪ್ಪಿದೆ, ಅಷ್ಟೇ. ಹುದ್ದೆ ಬಿಡಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಈ ತಾಳ ಸರಿಮಾಡಿದ ಮೇಲೆ ಮಾಡಬೇಕು. ಸಕ್ಕರೆ 52 ಆದ ದಿನದ ಮನುಷ್ಯನನ್ನು ನೋಡಿ ಅಲ್ಲ.

ಗ್ಲಿಮಿಪಿರೈಡ್ ಜಾತಿಯ ಮಾತ್ರೆಗೆ ನೀವು ಉಂಡಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ಬಂದರೆ ಸರಿ, ಬಾರದಿದ್ದರೆ ಸಕ್ಕರೆ ಇಳಿಯುತ್ತದೆ. ಭಾನುವಾರ ಬಾಪ್ಪು ಏನು ಮಾಡುತ್ತಾರೆ ಅಂತ ನೀವೇ ಬರೆದ ಹಾಳೆಯಲ್ಲಿದೆ. ಆರೂವರೆಗೆ ಸಕ್ಕರೆ ಇಲ್ಲದ ಕಪ್ಪು ಕಾಫಿ, ಅದರ ಜೊತೆ ಮಾತ್ರೆ. ಪೂಜೆ, ಪಾಪನಿವೇದನೆ, ಹೊರಗೆ ಜನರ ಜೊತೆ ಮಾತು, ಘಟ್ಟದ ದಾರಿಯಲ್ಲಿ ಡ್ರೈವಿಂಗ್, ಮತ್ತೆ ಪೂಜೆ. ತಿಂಡಿ ಹನ್ನೊಂದರ ಮೇಲೆ. ವಾರದ ದಿನ ಒಂದೇ ಪೂಜೆ, ಎಂಟಕ್ಕೆಲ್ಲ ತಿಂಡಿ ಆಗಿರುತ್ತದೆ. ಹಾಗಾಗಿ ಭಾನುವಾರ ಮಾತ್ರ ಎಡವಟ್ಟು.

ಅದಕ್ಕೆ ಕಿಡ್ನಿಯನ್ನೂ ಸೇರಿಸಿ. ಕ್ರಿಯಾಟಿನಿನ್ 1.6 ಇದೆ. 72 ವರ್ಷದವರಲ್ಲಿ ಇದು ಕಿಡ್ನಿಯ ಕೆಲಸ ಸಾಕಷ್ಟು ತಗ್ಗಿದ್ದರ ಗುರುತು. ಮಾತ್ರೆ ಮೈಯಿಂದ ಹೊರಹೋಗುವುದು ನಿಧಾನವಾಗುತ್ತದೆ. ಯೌವನದಲ್ಲಿ ಸರಿಹೋಗುತ್ತಿದ್ದ ಡೋಸ್ ಈಗ ಭಾರ. ಮೆಟ್‌ಫಾರ್ಮಿನ್ ಅನ್ನುವ ಇನ್ನೊಂದು ಸಕ್ಕರೆ ಮಾತ್ರೆಯ ಡೋಸನ್ನೂ ಇದೇ ಕಾರಣಕ್ಕೆ ಡಾಕ್ಟರ್ ಮತ್ತೆ ನೋಡಬೇಕು.

ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.4 ಬಂದಿದ್ದಕ್ಕೆ ಎಲ್ಲರೂ ಬೆನ್ನು ತಟ್ಟಿದರು ಅಂತ ಬರೆದಿದ್ದೀರಿ. ನನಗೆ ಆ ಅಂಕಿ ನೋಡಿ ಖುಷಿ ಆಗಲಿಲ್ಲ. ನಲವತ್ತರ ಹರೆಯದವರಿಗೆ ಅದು ಚೆನ್ನ. ಎಪ್ಪತ್ತು ದಾಟಿ, ಕಿಡ್ನಿ ಸೊರಗಿ, ಸಕ್ಕರೆ ಇಳಿಸುವ ಮಾತ್ರೆ ತಿನ್ನುವವರಿಗೆ 8ರ ಒಳಗಿದ್ದರೆ ಸಾಕು ಅನ್ನುವುದು ಈಗಿನ ರೂಢಿ. 6.4ರಷ್ಟು ಬಿಗಿ ಹಿಡಿತ ಅಂದರೆ ನಮಗೆ ಗೊತ್ತಾಗದೆ ಎಷ್ಟೋ ಸಲ ಸಕ್ಕರೆ ಕುಸಿದಿರಬಹುದು. ರಾತ್ರಿ ಕೆಟ್ಟ ಕನಸು, ಬೆಳಿಗ್ಗೆ ಒದ್ದೆಯಾದ ಬನಿಯನ್, ತಲೆನೋವು ಇದೆಯೇ ಅಂತ ಕೇಳಿ ನೋಡಿ.

ಇನ್ನೊಂದು ಕೇಳಿ, ಸ್ವಲ್ಪ ಮೆತ್ತಗೆ. ಮನೆ ಭೇಟಿಗೆ ಹೋದ ದಿನ, ಹಬ್ಬದ ದಿನ ಅವರೇ ಮಾತ್ರೆ ಜಾಸ್ತಿ ಮಾಡಿಕೊಳ್ಳುತ್ತಾರಾ ಅಂತ. ವಾಡೆಯ, ಅಂದರೆ ಚರ್ಚಿನ ಒಂದು ಕೇರಿಯ, ಹತ್ತು ಮನೆಗೆ ಹೋದರೆ ಹತ್ತು ಕಡೆ ಸಿಹಿ ಕಾಫಿ, ಕೇಕ್, ಕಿಡಿಯೊ ಅನ್ನುವ ಕರಿದ ಸಿಹಿತಿಂಡಿ. ಬೇಡ ಅಂದರೆ 'ಫಾದರ್ ನಮ್ಮ ಮನೆಯಲ್ಲಿ ಮಾತ್ರ ತಿನ್ನಲಿಲ್ಲ' ಅಂತ ಮಾತು ಬರುತ್ತದೆ. ತಿಂದು ಬಂದು, ಲೆಕ್ಕ ಸರಿ ಮಾಡಲು ಒಂದು ಮಾತ್ರೆ ಹೆಚ್ಚಿಗೆ ನುಂಗುವವರು ನನ್ನ ರೋಗಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಕ್‌ನ ಸಕ್ಕರೆ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ಮಾತ್ರೆ ನಡುರಾತ್ರಿಯಲ್ಲೂ ಕೆಲಸ ಮಾಡುತ್ತಿರುತ್ತದೆ. ಒಂದು ದಿನ ಸಕ್ಕರೆ 250 ಆದರೆ ಏನೂ ಆಗುವುದಿಲ್ಲ. ಒಬ್ಬರೇ ಮಲಗಿರುವ ಮನೆಯಲ್ಲಿ ರಾತ್ರಿ ಎರಡಕ್ಕೆ 45 ಆದರೆ ಕಷ್ಟ.

ಇನ್ನು ಪೂಜೆಗೆ ಮೊದಲು ತಿನ್ನುವ ವಿಷಯ. ಇಲ್ಲಿ ಬಾಪ್ಪು ಚರ್ಚಿನ ಕಾನೂನಿಗಿಂತ ಬಿಗಿಯಾಗಿದ್ದಾರೆ. ನಾನು ಧರ್ಮಶಾಸ್ತ್ರ ಓದಿದವನಲ್ಲ. ಆದರೆ ಗುರುಗಳಿಗೆ ಚಿಕಿತ್ಸೆ ಕೊಡುತ್ತಾ ಕೊಡುತ್ತಾ ಕೆಲವು ನಿಯಮ ಬಾಯಿಪಾಠ ಆಗಿವೆ. 1983ರ ಕ್ಯಾನನ್ ಕಾನೂನಿನ 919ನೇ ನಿಯಮ ನೋಡಿ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಉಪವಾಸ, ನೀರು ಮತ್ತು ಔಷಧಿಗೆ ವಿನಾಯಿತಿ. ಒಂದೇ ದಿನ ಎರಡು ಮೂರು ಪೂಜೆ ಅರ್ಪಿಸುವ ಗುರು ಎರಡನೆಯದಕ್ಕೆ ಮೊದಲು ಒಂದು ಗಂಟೆ ಅಂತರ ಇಲ್ಲದಿದ್ದರೂ ಏನಾದರೂ ತೆಗೆದುಕೊಳ್ಳಬಹುದು. ವಯಸ್ಸಾದವರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ. ನಿಮ್ಮ ಬಾಪ್ಪು ಎರಡು ಪೂಜೆಯವರು, ವಯಸ್ಸಾದವರು, ರೋಗಿ, ಮೂರೂ ಹೌದು. ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸು ಕಾಲದ ಉಪವಾಸವೂ ಅಷ್ಟೇ. ವಿಭೂತಿ ಬುಧವಾರ, ಶುಭ ಶುಕ್ರವಾರದ ಕಡ್ಡಾಯ ಉಪವಾಸ 59 ತುಂಬಿದವರಿಗೆ ಅನ್ವಯಿಸುವುದಿಲ್ಲ. ಮಾಂಸ ಬಿಡುವ ನಿಯಮಕ್ಕೆ ಆ ಮಿತಿ ಇಲ್ಲ. ಅದನ್ನು ಸಂತೋಷವಾಗಿ ಪಾಲಿಸಲಿ, ಸಕ್ಕರೆಗೆ ತೊಂದರೆ ಇಲ್ಲ.

ವಿಯಾನ್ನಿಯವರ ಆಲೂಗಡ್ಡೆಗೂ ನನ್ನ ಹತ್ತಿರ ಉತ್ತರ ಇದೆ. ಆರ್ಸ್‌ನ (ಫ್ರಾನ್ಸಿನ ಒಂದು ಹಳ್ಳಿ) ಆ ಗುರು ಉಪವಾಸ ಮಾಡಿದ್ದು ನಿಜ. ಆದರೆ 1859ರಲ್ಲಿ ತೀರಿಕೊಂಡ ಅವರು ಗ್ಲಿಮಿಪಿರೈಡ್ ನುಂಗುತ್ತಿರಲಿಲ್ಲ. ಮಾತ್ರೆ ಇಲ್ಲದ ಉಪವಾಸವನ್ನು ಮೈ ಹೇಗೋ ತೂಗಿಸಿಕೊಳ್ಳುತ್ತದೆ. ಮಾತ್ರೆ ನುಂಗಿ ಮಾಡುವ ಉಪವಾಸದಲ್ಲೇ ಅಪಾಯ ಇರುವುದು. ಇದನ್ನು ಹೀಗೇ ಹೇಳಿ. ನಗುವವರಿಗೆ ನಗುವ ಉತ್ತರವೇ ನಾಟುತ್ತದೆ.

ಹಾಗಾದರೆ ಭಾನುವಾರ ಹೇಗಿರಬೇಕು? ಏಳುವಾಗ ಎರಡು ಇಡ್ಲಿ ಅಥವಾ ಒಂದು ಬಟ್ಟಲು ರಾಗಿ ಅಂಬಲಿ. ಬೆಳಗಿನ ಸಕ್ಕರೆ ಮಾತ್ರೆ ಎಷ್ಟು, ಯಾವಾಗ ಅನ್ನುವುದನ್ನು ಡಾಕ್ಟರ್ ಭಾನುವಾರಕ್ಕೆ ಬೇರೆಯಾಗಿ ಬರೆದುಕೊಡಲಿ. ಸಾಮಾನ್ಯವಾಗಿ ನಾನು ಇಂಥವರಿಗೆ ಈ ಜಾತಿಯ ಮಾತ್ರೆಯನ್ನೇ ಬದಲಿಸಿ, ಉಣ್ಣದಿದ್ದರೂ ಸಕ್ಕರೆ ಕುಸಿಯದ ಔಷಧಿಗೆ ಹೋಗುತ್ತೇನೆ. ಎರಡು ಪೂಜೆಗಳ ನಡುವೆ ಒಂದು ಬಾಳೆಹಣ್ಣು, ನಾಲ್ಕು ಬಿಸ್ಕತ್ತು. ಕಾರನ್ನು ಚರ್ಚಿನ ಪಾಲನಾ ಮಂಡಳಿಯ ಯಾರಾದರೂ ಓಡಿಸಲಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಸಕ್ಕರೆ ನೋಡುವ ಮೀಟರ್ ಕಾರಿನಲ್ಲೇ ಇರಲಿ. ಕ್ರಿಸ್ಮಸ್ ರಾತ್ರಿಯ ಪೂಜೆ, ಪಾಸ್ಖ (ಈಸ್ಟರ್) ಜಾಗರಣೆ ಬಂದಾಗ ಇದೇ ಲೆಕ್ಕ ತಲೆಕೆಳಗು. ಅವತ್ತು ರಾತ್ರಿಯ ಊಟ ತಡವಾಗುತ್ತದೆ, ಮಾತ್ರೆ ಮಾತ್ರ ಎಂಟಕ್ಕೇ ಒಳಗೆ ಹೋಗಿರುತ್ತದೆ. ಅದಕ್ಕೂ ಮುಂಚೆಯೇ ಕೇಳಿ ಬರೆಸಿಟ್ಟುಕೊಳ್ಳಿ.

ದ್ರಾಕ್ಷಾರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೂಜೆಯಲ್ಲಿ ಒಳಗೆ ಹೋಗುವುದು ಎರಡು ಮೂರು ಚಮಚ. ಅಷ್ಟರಿಂದ ಸಕ್ಕರೆ ಏರುವುದೂ ಇಲ್ಲ, ಮಾತ್ರೆ ಜೊತೆ ಜಗಳವೂ ಇಲ್ಲ. ಬಿಡಿಸುವ ಅಗತ್ಯ ಇಲ್ಲ. ಕಲಶದಲ್ಲಿ ಕಮ್ಮಿ ಹಾಕಿದರೆ ಆಯಿತು. ಲಿವರ್ ಕೆಟ್ಟವರು, ಕುಡಿತದಿಂದ ಹೊರಬಂದ ಗುರುಗಳು ಇದ್ದರೆ ಮಾತು ಬೇರೆ. ಅಂಥವರಿಗೆ ಹುಳಿ ಬರಿಸದ ದ್ರಾಕ್ಷಿ ರಸ ಬಳಸಲು ಬಿಷಪರ ಅನುಮತಿ ಪಡೆಯುವ ದಾರಿ ಇದೆ.

ಮರೆವಿನ ಪ್ರಶ್ನೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಪ್ರಾರ್ಥನೆ ಎರಡು ಸಲ ಓದಿದರು ಅಂತ ಊರು ಮಾತಾಡುತ್ತದೆ. ಸಕ್ಕರೆ ಇಳಿದ ಮಿದುಳು ಹಾಗೇ ಮಾಡುವುದು. ಆದರೆ ಇದರ ಇನ್ನೊಂದು ಮಗ್ಗುಲು ಜನಕ್ಕೆ ಗೊತ್ತಿಲ್ಲ. ನಲವತ್ತು ವರ್ಷ ದಿನಾ ಹೇಳಿದ ಪೂಜೆಯ ಮಾತು ನಾಲಿಗೆಯಲ್ಲೇ ಕೂತಿರುತ್ತದೆ. ನಿಜವಾಗಿ ಮರೆವಿನ ಕಾಯಿಲೆ ಬಂದವರೂ ಪೂಜೆಯನ್ನು ತಪ್ಪಿಲ್ಲದೆ ಮುಗಿಸುವುದನ್ನು ನಾನು ನೋಡಿದ್ದೇನೆ. ಹಾಗಾಗಿ ಬಲಿಪೀಠದ ಮೇಲೆ ನೋಡಿ ಏನೂ ನಿರ್ಧರಿಸಬೇಡಿ. ಕಚೇರಿಯಲ್ಲಿ ನೋಡಿ. ಒಂದೇ ದಿನ, ಒಂದೇ ಹೊತ್ತಿಗೆ ಎರಡು ಮದುವೆಗೆ ಒಪ್ಪಿದರಾ? ಚೆಕ್‌ಗೆ ಸಹಿ ಹಾಕಿದ್ದು ನೆನಪಿದೆಯಾ? ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಬರಹ ಹಾದಿ ತಪ್ಪಿದೆಯಾ? ಉಪಕೇಂದ್ರದ ದಾರಿಯಲ್ಲಿ ಯಾವತ್ತಾದರೂ ಗಲಿಬಿಲಿ ಆಯಿತಾ? ಇವುಗಳಿಗೆ ಹೌದು ಅಂದರೆ ನರರೋಗ ತಜ್ಞರಲ್ಲಿಗೆ ಹೋಗಲೇಬೇಕು, ಯಾಕೆಂದರೆ ಆ ಸಹಿಗಳ ಮೇಲೆ ಬೇರೆಯವರ ಬದುಕೂ ನಿಂತಿದೆ.

ಅದಕ್ಕೂ ಮೊದಲು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ತಗ್ಗುವುದು ಸಾಮಾನ್ಯ. ಅದರಿಂದ ಮರೆವೂ ಬರುತ್ತದೆ, ಪಾದ ಜೋಮು ಹಿಡಿಯುವುದೂ ಬರುತ್ತದೆ. ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸುಧಾರಿಸುತ್ತದೆ. ಕಿವಿಯನ್ನೂ ತೋರಿಸಿ. ಸರಿಯಾಗಿ ಕೇಳಿಸದವರನ್ನು ಜನ ಮರೆವಿನವರು ಅಂದುಬಿಡುತ್ತಾರೆ. ಪಾಪನಿವೇದನೆಯಲ್ಲಿ 'ಏನಂದಿರಿ?' ಅಂತ ಜೋರಾಗಿ ಕೇಳುವ ಗುರುವಿನ ಹತ್ತಿರ ಯಾರು ಬರುತ್ತಾರೆ ಹೇಳಿ! ನೆನಪಿನ ಪರೀಕ್ಷೆ ಮಾತ್ರ ಸಕ್ಕರೆ ಹತೋಟಿಗೆ ಬಂದು ಒಂದೆರಡು ತಿಂಗಳು ಕಳೆದ ಮೇಲೆ ನಡೆದರೆ ಒಳ್ಳೆಯದು. ಆಸ್ಪತ್ರೆಯ ಹಾಸಿಗೆಯಲ್ಲಿ ಮಾಡಿದ ನೆನಪಿನ ಪರೀಕ್ಷೆಗೆ ಬೆಲೆ ಇಲ್ಲ.

ಮಂಡಿಯೂರಿ ಎದ್ದಾಗ ತಲೆ ತಿರುಗುತ್ತದೆ ಅಂತಲೂ ಬರೆದಿದ್ದೀರಿ. ಇದು ಬೇರೆ ಕಥೆ. ಪ್ರೊಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ರಕ್ತನಾಳವನ್ನೂ ಸಡಿಲ ಮಾಡುತ್ತದೆ. ಬಿಪಿ ಮಾತ್ರೆ ಜೊತೆ ಸೇರಿ, ಎದ್ದು ನಿಂತಾಗ ಬಿಪಿ ಕುಸಿಯುತ್ತದೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಲು ಹೇಳಿ. ಮೇಲಿನ ಅಂಕಿ 20 ಇಳಿದರೆ ಮಾತ್ರೆ ಬದಲಿಸಬೇಕು. ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಭಾನುವಾರ ಬಿಪಿ ಮಾತ್ರೆಯನ್ನೇ ಬಿಡುವ ಗುರುಗಳೂ ಇದ್ದಾರೆ. ಸಮಯ ಬದಲಿಸಿದರೆ ಸಾಕು, ಬಿಡುವುದು ಬೇಡ. ಮಂಡಿಯೂರಲು ಆಗದವರು ಆಳವಾಗಿ ತಲೆಬಾಗಿದರೆ ಸಾಕು. ನಿಲ್ಲಲು ಆಗದ ಗುರು ಕುಳಿತೇ ಪೂಜೆ ಅರ್ಪಿಸಬಹುದು ಅಂತ 930ನೇ ನಿಯಮ ಹೇಳುತ್ತದೆ. ಜನರ ಮುಂದೆ ಹಾಗೆ ಮಾಡಲು ಮಾತ್ರ ಧರ್ಮಪ್ರಾಂತ್ಯದ, ಅಂದರೆ ಬಿಷಪರ ಆಡಳಿತದ, ಅನುಮತಿ ಬೇಕು. ಪೋಪ್ ಫ್ರಾನ್ಸಿಸ್ 2022ರಿಂದ ಗಾಲಿಕುರ್ಚಿಯಲ್ಲೇ ಜನರೆದುರು ಬರುತ್ತಿದ್ದರು. ಎಷ್ಟೋ ದೊಡ್ಡ ಪೂಜೆಗಳಲ್ಲಿ ಬಲಿಪೀಠದ ಕೆಲಸವನ್ನು ಕಾರ್ಡಿನಲ್ ಒಬ್ಬರಿಗೆ ಬಿಟ್ಟುಕೊಟ್ಟು ತಾವು ಕುಳಿತಿದ್ದರು. ಅದನ್ನು ಟಿವಿಯಲ್ಲಿ ನೋಡಿದ ಊರಿನವರಿಗೆ ಕುರ್ಚಿ ಹೊಸದಲ್ಲ.

ಈಗ ಮುಂದಿನ ದಾರಿ. 75 ಆದ ಕೂಡಲೇ ಗುರುವನ್ನು ಕಳಿಸಿಬಿಡುತ್ತಾರೆ ಅಂತ ಜನ ಹೇಳುವುದು ಪೂರ್ತಿ ಸರಿಯಲ್ಲ. 75 ತುಂಬಿದಾಗ ರಾಜೀನಾಮೆ ಸಲ್ಲಿಸುವಂತೆ ನಿಯಮ ಕೋರುತ್ತದೆ. ಒಪ್ಪುವುದು, ಮುಂದೂಡುವುದು ಬಿಷಪರಿಗೆ ಬಿಟ್ಟದ್ದು. ಅದಕ್ಕೂ ಮೊದಲೇ ನ್ಯಾಯವಾದ ಕಾರಣಕ್ಕೆ ಗುರು ತಾನಾಗಿ ಬಿಡಬಹುದು. ಅನಾರೋಗ್ಯದಲ್ಲಿ, ವಯಸ್ಸಾದಾಗ ಗುರುಗಳ ಆರೈಕೆ ನೋಡಿಕೊಳ್ಳುವುದು ಧರ್ಮಪ್ರಾಂತ್ಯದ ಹೊಣೆ ಅಂತಲೂ ಕಾನೂನಿದೆ. ಅದನ್ನು ದಾನ ಅಂದುಕೊಂಡು ಸಂಕೋಚ ಪಡಬೇಕಿಲ್ಲ.

ಈಗಿನ ಜಾಗದಲ್ಲೇ ಮುಂದುವರಿಯುವುದು ಒಂದು ದಾರಿ. ಸಹಾಯಕ ಗುರು ಒಬ್ಬರು ಬಂದರೆ, ಇಲ್ಲವೇ ಉಪಕೇಂದ್ರದ ಪೂಜೆಯನ್ನು ಪಕ್ಕದ ಧರ್ಮಕೇಂದ್ರದವರು ವಹಿಸಿಕೊಂಡರೆ ಇದು ಆಗುತ್ತದೆ. ಅಪಾಯ ಏನೆಂದರೆ, ಎರಡು ತಿಂಗಳು ಎಲ್ಲ ಸರಿ ಇರುತ್ತದೆ, ಆಮೇಲೆ ಒಂದು ಹಬ್ಬ, ಒಂದು ಸಾವು, ಒಂದು ಕಟ್ಟಡದ ಕೆಲಸ ಬಂದು ಹಳೆಯ ಚಾಳಿ ಮರಳುತ್ತದೆ. ರಾತ್ರಿ ಒಬ್ಬರೇ ಇರುವುದಂತೂ ತಪ್ಪುವುದಿಲ್ಲ. ಆ ಮನೆಯಲ್ಲಿ ರಾತ್ರಿ ಮಲಗುವ ಒಬ್ಬ ಹುಡುಗನ ವ್ಯವಸ್ಥೆ ಆಗದಿದ್ದರೆ ನಾನು ಇದಕ್ಕೆ ಒಪ್ಪುವುದಿಲ್ಲ.

ನನ್ನ ಒಲವು ಇನ್ನೊಂದರ ಕಡೆಗೆ. ಮುಂದಿನ ವರ್ಗಾವಣೆ ಹೊತ್ತಿಗೆ ಯಾವುದಾದರೂ ಕಾನ್ವೆಂಟಿನಲ್ಲೋ ಆಸ್ಪತ್ರೆಯಲ್ಲೋ ಚಾಪ್ಲಿನ್, ಅಂದರೆ ಆ ಸಂಸ್ಥೆಯ ಗುರು, ಆಗಿ ಹೋಗುವುದು. ದಿನಕ್ಕೆ ಒಂದು ಪೂಜೆ, ಹೊತ್ತಿಗೆ ಸರಿಯಾಗಿ ಊಟ, ಸುತ್ತ ಜನ. ಲೆಕ್ಕಪತ್ರ, ಜಗಳ, ಕಟ್ಟಡ ಯಾವುದೂ ಇಲ್ಲ. ಕಳೆದುಕೊಳ್ಳುವುದೂ ಇದೆ. ಇಷ್ಟು ವರ್ಷ ಊರಿಗೆ ಊರೇ ಕೇಳುತ್ತಿದ್ದ ಮಾತು ಇನ್ನು ನಾಲ್ಕು ಜನ ಕೇಳುತ್ತಾರೆ. ಮೊದಲ ಆರು ತಿಂಗಳು ಮಂಕಾಗುತ್ತಾರೆ. ಆಗ ನೀವು ಆಗಾಗ ಹೋಗಿ ಬರಬೇಕು.

ಮಂಗಳೂರಿನ ಜೆಪ್ಪುವಿನಲ್ಲಿ ನಿವೃತ್ತ ಗುರುಗಳಿಗಾಗಿಯೇ ಮನೆ ಇದೆ. ಮರೆವು ನಿಜವಾಗಿದ್ದರೆ, ಅಥವಾ ಕಿಡ್ನಿ ಇನ್ನೂ ಕುಸಿದರೆ ಅದೇ ಸರಿಯಾದ ಜಾಗ. ಈಗಲೇ ಅಲ್ಲ. ಬೆಂಗಳೂರಿನ ನಿಮ್ಮ ಮನೆಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರೇ. ಗುರುನಿವಾಸದಲ್ಲಿ ಹಗಲಾದರೂ ಜನ ಬರುತ್ತಾರೆ. ಮುಂದೆ ಏನಾದರೂ ಆಪರೇಷನ್ ಆದರೆ ಒಂದು ತಿಂಗಳು ಇಟ್ಟುಕೊಳ್ಳಲು ನಿಮ್ಮ ಮನೆ ಚೆನ್ನ. ಉಳಿದ ಬದುಕಿಗೆ ಅಲ್ಲ. ಅದಕ್ಕೆ ಬಿಷಪರ ಒಪ್ಪಿಗೆಯೂ ಬೇಕಾಗುತ್ತದೆ.

ಬಿಷಪರಿಗೆ ಬಾಪ್ಪುವಿನ ಬೆನ್ನ ಹಿಂದೆ ಪತ್ರ ಬರೆಯಬೇಡಿ. ಅವರ ಕಾಯಿಲೆಯ ವಿವರ ಅವರದು. ಅವರಿಂದಲೇ ಬರೆಸಿ, ಡಾಕ್ಟರ ಚೀಟಿ ಲಗತ್ತಿಸಿ, ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ. 'ಆರೋಗ್ಯ ಸರಿಯಿಲ್ಲ' ಅಂದರೆ ಉತ್ತರವೂ ತೇಲಿಸಿದಂತೆ ಬರುತ್ತದೆ. 'ಭಾನುವಾರ ಒಂದೇ ಪೂಜೆ, ಡ್ರೈವಿಂಗ್ ಇಲ್ಲ, ರಾತ್ರಿ ಜೊತೆಗೆ ಒಬ್ಬರು' ಅಂದರೆ ಯಾರಾದರೂ ಕೂತು ವ್ಯವಸ್ಥೆ ಮಾಡುತ್ತಾರೆ. ಹುದ್ದೆ ಬಿಡುವುದು ಸೋಲು ಅಂತ ಅವರು ಅಂದುಕೊಂಡಿದ್ದರೆ ಇದನ್ನು ನೆನಪಿಸಿ. ಎರಡನೇ ಜಾನ್ ಪೌಲ್ ಪಾರ್ಕಿನ್ಸನ್ ಇದ್ದೂ 2005ರಲ್ಲಿ ಸಾಯುವವರೆಗೆ ಪೋಪ್ ಆಗಿದ್ದರು, ಅವರ ನಂತರ ಬಂದ ಬೆನೆಡಿಕ್ಟ್ 2013ರಲ್ಲಿ ಮೈಯಲ್ಲಿ ಶಕ್ತಿ ಸಾಲದು ಅಂತ ಇಳಿದರು. ಎರಡೂ ಅದೇ ಚರ್ಚಿನೊಳಗೆ ನಡೆದದ್ದು. ಬಾಪ್ಪುವಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬಾಯಿಬಿಟ್ಟು ಅನ್ನುವವರು ಬೇಕು, ಅಷ್ಟೇ.

ರೋಗಿಗಳ ತೈಲಲೇಪನದ ಸಂಸ್ಕಾರ ತಗೊಳ್ಳಲಿ ಅಂತ ನಿಮ್ಮ ಅಮ್ಮ ಹೇಳಿದ್ದಕ್ಕೆ ಮನೆಯವರು ಹೆದರಿದರು ಅಂದಿರಿ. ಅದು ಸಾಯುವವರಿಗೆ ಮಾತ್ರ ಅನ್ನುವುದು ಹಳೆಯ ತಿಳಿವಳಿಕೆ. ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ತಿದ್ದಿದೆ. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಕಾಯಿಲೆ ಬಿಗಡಾಯಿಸಿದರೆ ಮತ್ತೊಮ್ಮೆ ಪಡೆಯಲೂ ಅಡ್ಡಿ ಇಲ್ಲ. ಇಷ್ಟೊಂದು ಜನರಿಗೆ ಎಣ್ಣೆ ಹಚ್ಚಿದವರಿಗೆ ತಾವೂ ರೋಗಿ ಅಂತ ಒಪ್ಪಿಕೊಳ್ಳುವುದೇ ಕಷ್ಟ. ಆ ಒಂದು ದಿನದ ನಂತರ ಮಾತ್ರೆ, ತಿಂಡಿ, ಕುರ್ಚಿ ಎಲ್ಲಕ್ಕೂ ಸುಲಭವಾಗಿ ಒಪ್ಪಿದ ಗುರುಗಳನ್ನು ನಾನು ಕಂಡಿದ್ದೇನೆ.

ಕೊನೆಗೆ, ಚರ್ಚಿನವರಿಗೆ ಹೇಳಿಕೊಡಬೇಕಾದದ್ದು. ಬಾಪ್ಪುವಿನ ಒಪ್ಪಿಗೆ ಪಡೆದು ಸಾಕ್ರಿಸ್ತಿಯಲ್ಲಿ (ಗುರು ಪೂಜೆಗೆ ಸಿದ್ಧವಾಗುವ ಕೋಣೆ) ಕೆಲಸ ಮಾಡುವವರಿಗೆ, ವೇದಿಸೇವೆಯ ದೊಡ್ಡ ಹುಡುಗರಿಗೆ, ಪಾಲನಾ ಮಂಡಳಿಯ ಉಪಾಧ್ಯಕ್ಷರಿಗೆ ಇಷ್ಟು ಹೇಳಿ. ಫಾದರ್ ಬೆವರಿದರೆ, ಕೈ ನಡುಗಿದರೆ, ಮಾತು ತಡವರಿಸಿದರೆ ಕೂರಿಸಿ. ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಮ್ಮಿ ಇದ್ದರೆ ಮತ್ತೆ ಅಷ್ಟೇ ಕೊಡಿ. ಸರಿಯಾದ ಮೇಲೆ ಊಟ ಮಾಡಿಸಿ, ಹಾಗೇ ಬಿಡಬೇಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಸಕ್ಕರೆ ಕೊಟ್ಟೂ ಮುಖ ಒಂದು ಕಡೆ ಸೊಟ್ಟ ಇದ್ದರೆ, ಕೈ ಬಲ ಇಲ್ಲದಿದ್ದರೆ ಅದು ಸ್ಟ್ರೋಕ್ ಇರಬಹುದು, ಕಾಯಬೇಡಿ. ಗ್ಲಿಮಿಪಿರೈಡ್ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಏರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಅದಕ್ಕೆ ಆ ಒಂದು ದಿನ ಆಸ್ಪತ್ರೆಯಲ್ಲೇ ಇರಲಿ, 'ನಾನು ಸರಿಯಾಗಿದ್ದೇನೆ, ಸಂಜೆ ಜಪಸರ ಇದೆ' ಅಂತ ಎಷ್ಟೇ ಹಟ ಮಾಡಿದರೂ.